ಕಾಂಕ್ರೀಟಿನೊಳಗಿನ ನೀರಿನ ಲೆಕ್ಕ: ಸುಂಟಿಕೊಪ್ಪದ ಬಳಿ ಮನೆ ಕಟ್ಟಿಸಿದ ಅನುಭವ

ಮನೆ ಕಟ್ಟಿಸುವವರಲ್ಲಿ ಹೆಚ್ಚಿನವರು ಬಾಗಿಲಿನ ಮರವನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ, ಟೈಲ್ಸಿನ ಬಣ್ಣಕ್ಕಾಗಿ ಅಂಗಡಿಯಿಂದ ಅಂಗಡಿಗೆ ತಿರುಗುತ್ತಾರೆ, ಗೋಡೆಗೆ ತೂಗುಗುಂಡು ಹಿಡಿಸಿ ನೇರ ನೋಡುತ್ತಾರೆ. ಆದರೆ ಇಡೀ ಮನೆಯನ್ನು ಹೊತ್ತು ನಿಲ್ಲುವ ಕಾಂಕ್ರೀಟಿನ ವಿಷಯ ಬಂದಾಗ ಮಾತ್ರ ಮೇಸ್ತ್ರಿಯ ಮಾತನ್ನೇ ಪ್ರಮಾಣವೆಂದು ಒಪ್ಪಿಕೊಂಡು ಸುಮ್ಮನಾಗುತ್ತಾರೆ. ಅದಕ್ಕೆ ಕಾರಣವಿಲ್ಲದಿಲ್ಲ. ಗಟ್ಟಿಯಾದ ಮೇಲೆ ಒಳ್ಳೆಯ ಕಾಂಕ್ರೀಟೂ ಕೆಟ್ಟ ಕಾಂಕ್ರೀಟೂ ಒಂದೇ ಬೂದು ಬಣ್ಣದಲ್ಲಿ ಕಾಣುತ್ತವೆ, ಮೇಲೆ ಗಾರೆ ಬಿದ್ದರಂತೂ ಯಾವ ಗುರುತೂ ಉಳಿಯುವುದಿಲ್ಲ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು, ಕಟ್ಟಡ ವಿದ್ಯೆ ಓದಿದವಳಲ್ಲ. ಆದರೂ ನಮ್ಮ ಮನೆಯ ಕೆಲಸವನ್ನು ಪಾಯದಿಂದ ತಾರಸಿಯವರೆಗೆ ಹತ್ತಿರ ನಿಂತು ನೋಡಿದ ಮೇಲೆ, ಕಾಂಕ್ರೀಟಿನ ಗುಣವನ್ನು ಮನೆಯವರು ಅಳೆಯಬಲ್ಲ ಹೊತ್ತು ಬಹಳ ಚಿಕ್ಕದು, ಅದು ಸಾಮಗ್ರಿ ಬಂದಿಳಿದ ಗಳಿಗೆಯಿಂದ ಮಾಲು, ಅಂದರೆ ಕಲಸಿದ ಹಸಿ ಕಾಂಕ್ರೀಟು, ಸೆಂಟ್ರಿಂಗಿನ ಹಲಗೆಗಳ ಮೇಲೆ ಬೀಳುವ ಗಳಿಗೆಯವರೆಗೆ ಮಾತ್ರ ಇರುತ್ತದೆ ಎಂಬುದು ನನಗೆ ಖಚಿತವಾಗಿದೆ. ಕೊಡಗಿನಲ್ಲಿ ಆ ಹೊತ್ತಿನ ಮುಖ್ಯ ಪ್ರಶ್ನೆ ನೀರಿನದು.

ನಮ್ಮ ಹಳೆಯ ಮನೆ ಸುಂಟಿಕೊಪ್ಪದಿಂದ ಒಳಗೆ, ಕಾಫಿ ತೋಟದ ಅಂಚಿನಲ್ಲಿತ್ತು. ಮಣ್ಣಿನ ಗೋಡೆ, ಮಂಗಳೂರು ಹಂಚು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ನಮ್ಮ ಜಾಗಕ್ಕೆ ಏನೂ ಆಗಲಿಲ್ಲವಾದರೂ, ಆ ಮಳೆಗೆ ನೆನೆದ ಹಿಂಬದಿಯ ಗೋಡೆ ಮತ್ತೆ ಮೊದಲಿನಂತೆ ಗಟ್ಟಿಯಾಗಲಿಲ್ಲ. ಕೆಲವು ಮಳೆಗಾಲಗಳನ್ನು ಗೋಡೆಗೆ ಟಾರ್ಪಾಲು ಕಟ್ಟಿಕೊಂಡು ಕಳೆದ ಬಳಿಕ ಮಾವನವರೇ ಹೊಸ ಮನೆಯ ಮಾತೆತ್ತಿದರು. ಎತ್ತರದ ಬದಿಯಲ್ಲಿ ಗುಡ್ಡದ ಬರೆ ಕಡಿದು ಕಟ್ಟಿದರೆ ನೋಟ ಚೆನ್ನಾಗಿರುತ್ತದೆ ಎಂದವರಿದ್ದರು. 2018ನ್ನು ಕಂಡವರು ಯಾರೂ ಆ ಮಾತಿಗೆ ಕಿವಿಗೊಡುವುದಿಲ್ಲ. ಕಾಫಿ ಒಣಗಿಸುವ ಕಣದ ಪಕ್ಕದ ಸಮತಟ್ಟು ಜಾಗವನ್ನೇ ಆರಿಸಿಕೊಂಡೆವು. ಭೂಪರಿವರ್ತನೆ, ಪಂಚಾಯಿತಿಯ ನಕ್ಷೆ ಮಂಜೂರಾತಿ ಇವೆಲ್ಲ ಎಲ್ಲರಿಗೂ ಆಗುವಷ್ಟೇ ತಡವಾಗಿ ಆದವು.

ನಕ್ಷೆ ಮಾಡಿಕೊಟ್ಟ ಎಂಜಿನಿಯರ್ ನನ್ನ ಹಳೆಯ ವಿದ್ಯಾರ್ಥಿ. ಆತನ ಸಲಹೆಯಂತೆ ಸಾಮಗ್ರಿ ನಮ್ಮದು, ಕೆಲಸ ಕಾಂಟ್ರಾಕ್ಟರರದು ಎಂದು ಒಪ್ಪಂದ ಮಾಡಿಕೊಂಡೆವು. ಅದರಲ್ಲಿ ಸಾಮಾನ್ಯವಾಗಿ ಇಲ್ಲದ ಎರಡು ಷರತ್ತುಗಳಿದ್ದವು: ಕಂಬಿ ಕಟ್ಟಿ ಮುಗಿದ ಮೇಲೆ ಎಂಜಿನಿಯರ್ ನೋಡಿ ಸಹಿ ಮಾಡದೆ ಎಲ್ಲಿಯೂ ಕಾಂಕ್ರೀಟ್ ಹಾಕಬಾರದು, ಕೂಲಿಯ ಮೊತ್ತದಲ್ಲಿ ನೂರಕ್ಕೆ ಐದು ಪಾಲನ್ನು ಒಂದು ಮಳೆಗಾಲ ಕಳೆಯುವವರೆಗೆ ನಾವು ಹಿಡಿದಿಟ್ಟುಕೊಳ್ಳಬಹುದು. ಕಾಂಟ್ರಾಕ್ಟರರು ಎರಡನೆಯದಕ್ಕೆ ಮುಖ ಸಿಂಡರಿಸಿದರು, ಮೊದಲನೆಯದಕ್ಕೆ ನಕ್ಕರು. ನಿಜವಾಗಿ ಕಷ್ಟವಾದದ್ದು ಮೊದಲನೆಯದೇ.

ಮೊದಲ ಚರ್ಚೆ ನಡೆದದ್ದು ಮಿಶ್ರಣದ ಬಗ್ಗೆ. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಎನ್ನುವುದು ಎಲ್ಲ ಮೇಸ್ತ್ರಿಗಳ ಬಾಯಲ್ಲೂ ಇರುವ ಲೆಕ್ಕ, ಎಂ20 ದರ್ಜೆಯ ಕಾಂಕ್ರೀಟಿನದು. ಎಂ ಅಕ್ಷರದ ಮುಂದಿನ ಅಂಕಿ, 150 ಮಿಲಿಮೀಟರ್ ಬದಿಯ ಕಾಂಕ್ರೀಟ್ ಘನವೊಂದು 28 ದಿನಗಳಾದ ಮೇಲೆ ಪ್ರತಿ ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ತಡೆಯಬೇಕು ಎಂಬುದನ್ನು ಹೇಳುತ್ತದೆ. ಕಬ್ಬಿಣ ಸೇರಿಸಿದ ಕಾಂಕ್ರೀಟಿಗೆ ಭಾರತೀಯ ಮಾನಕ ಸಂಹಿತೆಯಾದ ಐಎಸ್ 456:2000 ಒಪ್ಪುವ ಕನಿಷ್ಠ ದರ್ಜೆಯೇ ಎಂ20. ಆದರೆ ಅದೇ ಸಂಹಿತೆ, ಮನೆ ಎಂತಹ ಹವೆಗೆ ಮೈಯೊಡ್ಡುತ್ತದೆ ಎಂಬುದನ್ನು ನೋಡಿ ದರ್ಜೆಯನ್ನು ಏರಿಸಲು ಹೇಳುತ್ತದೆ: ತೀವ್ರ ಮಳೆಗೆ ನೇರವಾಗಿ ಸಿಕ್ಕುವ ಕಾಂಕ್ರೀಟಿಗೆ ಎಂ30, ತೀವ್ರ ಮಳೆಯಿಂದ ಮರೆಯಲ್ಲಿರುವುದಕ್ಕೆ ಎಂ25. ಕೊಡಗಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಯಾವ ಸಾಲಿಗೆ ಸೇರುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆ ತಾರಸಿಯ ಮೇಲೆ ಮತ್ತೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಅಥವಾ ಹಂಚು ಹೊದಿಸುವ ರೂಢಿ ಇದೆ. ಹೊರಗಿನಿಂದ ಬಂದವರು ಅದನ್ನು ದುಂದುವೆಚ್ಚವೆಂದು ನಗುತ್ತಾರೆ. ಆ ಹೊದಿಕೆ ಇರುವುದರಿಂದಲೇ ನಾವು ಎಂ25ರಲ್ಲಿ ನಿಲ್ಲಬಹುದು, ಇಲ್ಲದಿದ್ದರೆ ಎಂ30ಕ್ಕೆ ಹೋಗಬೇಕು ಎಂದು ಎಂಜಿನಿಯರ್ ವಿವರಿಸಿದಾಗ, ಹಿರಿಯರು ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡ ದಾರಿಯ ಬಗ್ಗೆ ನನಗೆ ಗೌರವ ಹೆಚ್ಚಿತು.

ಎಂ25ಕ್ಕೆ ಪಾಲಿನ ಲೆಕ್ಕ ಸಲ್ಲುವುದಿಲ್ಲ. ನಾವು ತರಿಸುವ ಮರಳು ಮತ್ತು ಜಲ್ಲಿಯನ್ನೇ ಪರೀಕ್ಷಿಸಿ ಪ್ರಯೋಗಾಲಯದಿಂದ ಮಿಕ್ಸ್ ಡಿಸೈನ್, ಅಂದರೆ ಮಿಶ್ರಣದ ಲೆಕ್ಕ, ಮಾಡಿಸಬೇಕು. ಮೈಸೂರಿನ ಒಂದು ಪ್ರಯೋಗಾಲಯಕ್ಕೆ ಮಾದರಿಗಳನ್ನು ಕಳುಹಿಸಿದೆವು. ಬಂದ ವರದಿಯಲ್ಲಿ ಎಲ್ಲವೂ ತೂಕದಲ್ಲಿತ್ತು: 50 ಕೆ.ಜಿ.ಯ ಒಂದು ಚೀಲ ಸಿಮೆಂಟಿಗೆ ಮರಳು ಇಷ್ಟು, 20 ಮಿಲಿಮೀಟರ್ ಜಲ್ಲಿ ಇಷ್ಟು, 12 ಮಿಲಿಮೀಟರ್ ಜಲ್ಲಿ ಇಷ್ಟು, ನೀರು 24 ಲೀಟರ್, ಜೊತೆಗೆ ನೀರು ಹೆಚ್ಚಿಸದೆಯೇ ಮಾಲನ್ನು ಸಡಿಲಗೊಳಿಸುವ ಪ್ಲಾಸ್ಟಿಸೈಜರ್ ದ್ರವ, ಅದೂ ಅಳತೆಯಲ್ಲಿ. ಇದನ್ನು ನೋಡಿ ಮೇಸ್ತ್ರಿ, "ಟೀಚರೇ, ಬಾಂಡ್ಲಿ ಲೆಕ್ಕ ಕೊಡಿ, ತೂಕ ಮಾಡ್ಕೊಂಡು ಯಾರು ಕಾಂಕ್ರೀಟ್ ಹಾಕ್ತಾರೆ?" ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ, ಏಕೆಂದರೆ ಸಣ್ಣ ಕೆಲಸದ ಜಾಗದಲ್ಲಿ ತೂಕದ ಯಂತ್ರ ಇರುವುದಿಲ್ಲ. ಆದರೆ ನಮ್ಮಲ್ಲಿ ಇತ್ತು. ಕಾಫಿ ಚೀಲ ತೂಗುವ ಯಂತ್ರ ಕಣದ ಮೂಲೆಯಲ್ಲಿ, ಕೊಯ್ಲು ಮುಗಿದ ಮೇಲೆ ವರ್ಷದ ಹೆಚ್ಚಿನ ತಿಂಗಳು ಕೆಲಸವಿಲ್ಲದೆ ನಿಂತಿರುತ್ತದೆ. ಒಂದು ಜಲ್ಲಿಪೆಟ್ಟಿಗೆಯನ್ನು ಅದರ ಮೇಲಿಟ್ಟು ತುಂಬಿ, ಬೇಕಾದ ತೂಕ ಬಂದಲ್ಲಿ ಒಳಗೋಡೆಗೆ ಬಣ್ಣದ ಗೆರೆ ಎಳೆದೆವು. ಅಲ್ಲಿಂದ ಮುಂದೆ ಹುಡುಗರಿಗೆ ಗೆರೆಯೇ ಲೆಕ್ಕವಾಯಿತು. ಹೊಸ ಲೋಡು ಬಂದಾಗಲೆಲ್ಲ ಒಮ್ಮೆ ತೂಗಿ ಗೆರೆ ಸರಿಯಿದೆಯೇ ಎಂದು ನೋಡುತ್ತಿದ್ದೆವು.

ಅದೇ ಯಂತ್ರ ಕಂಬಿಯ ವಿಷಯದಲ್ಲೂ ನೆರವಾಯಿತು. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. ಹಾಗಾಗಿ 12 ಮಿಲಿಮೀಟರ್ ಕಂಬಿ ಮೀಟರಿಗೆ 0.888 ಕೆ.ಜಿ., 12 ಮೀಟರಿನ ಇಡೀ ಕಂಬಿ ಸುಮಾರು 10.66 ಕೆ.ಜಿ. ತೂಗಬೇಕು. ಈ ದಪ್ಪದ ಕಂಬಿಗೆ ಕಂಬಿಯ ಮಾನಕವಾದ ಐಎಸ್ 1786 ಶೇ. 5ರಷ್ಟು ಹೆಚ್ಚುಕಮ್ಮಿಯನ್ನು, 10 ಮಿಲಿಮೀಟರ್ ಮತ್ತು ಅದಕ್ಕಿಂತ ತೆಳ್ಳಗಿನವಕ್ಕೆ ಶೇ. 7ನ್ನು ಒಪ್ಪುತ್ತದೆ. ತೂಕಕ್ಕೆ ಕೊಂಡರೆ ಕಂಬಿ ತೆಳ್ಳಗಿದ್ದರೂ ನಷ್ಟವಿಲ್ಲ ಎಂದು ಅಂಗಡಿಯವರು ಹೇಳುವುದುಂಟು; ದುಡ್ಡಿನ ನಷ್ಟವಿಲ್ಲದಿರಬಹುದು, ಆದರೆ ನಕ್ಷೆಯಲ್ಲಿ ಬರೆದಿರುವುದು ಕಂಬಿಗಳ ಸಂಖ್ಯೆ ಮತ್ತು ವ್ಯಾಸವೇ ಹೊರತು ಒಟ್ಟು ತೂಕವಲ್ಲ. ನಮಗೆ ಬಂದ ಕಂಬಿ ಮಿತಿಯೊಳಗೇ ಇತ್ತು. ಮೇಲೆ ಕಂಡ ತೆಳು ತುಕ್ಕಿನಿಂದ ತೊಂದರೆಯಿಲ್ಲ, ಚಕ್ಕೆಯಾಗಿ ಏಳುವ ತುಕ್ಕು ಮಾತ್ರ ಬೇಡ ಎಂದು ಎಂಜಿನಿಯರ್ ಹೇಳಿದರು.

ಮರಳಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಈಗ ಎಲ್ಲರಂತೆ ನಾವೂ ಎಂ-ಸ್ಯಾಂಡನ್ನೇ ತರಿಸಿದ್ದು. ಬಂಡೆಯನ್ನು ಪುಡಿಮಾಡಿ, ಆಕಾರ ಸರಿಪಡಿಸಿ, ತೊಳೆದು ಜರಡಿ ಹಿಡಿದದ್ದು ಎಂ-ಸ್ಯಾಂಡ್; ಜಲ್ಲಿ ಒಡೆಯುವಾಗ ಕೆಳಗೆ ಉದುರುವ ಪುಡಿ ಕ್ರಷರ್ ಡಸ್ಟ್. ಎರಡೂ ಲಾರಿಯಲ್ಲಿ ಒಂದೇ ಬಣ್ಣ. ಗಾಜಿನ ಉದ್ದ ಬಾಟಲಿಯಲ್ಲಿ ಅರ್ಧದಷ್ಟು ಮರಳು ಹಾಕಿ, ಚಿಟಿಕೆ ಉಪ್ಪು ಬೆರೆಸಿದ ನೀರು ತುಂಬಿ, ಚೆನ್ನಾಗಿ ಕುಲುಕಿ ಕೆಲವು ಗಂಟೆ ಅಲುಗಿಸದೆ ಬಿಟ್ಟರೆ ಮರಳು ಕೆಳಗೆ, ನುಣುಪು ಧೂಳು ಮೇಲೆ ಬೇರೆ ಪದರವಾಗಿ ಕೂರುತ್ತವೆ. ಮೇಲಿನ ಪದರ ಮರಳಿನ ಎತ್ತರದ ಶೇ. 8ನ್ನು ಮೀರಿದರೆ ಆ ಲೋಡನ್ನು ಒಪ್ಪಬಾರದೆಂಬುದು ಕೆಲಸದ ಜಾಗದಲ್ಲಿ ಬಳಕೆಯಲ್ಲಿರುವ ಅಂದಾಜು. ನಾವು ತರಿಸಿದ ಲೋಡುಗಳಲ್ಲಿ ಒಂದು ಈ ಪರೀಕ್ಷೆಯಲ್ಲಿ ಸ್ಪಷ್ಟವಾಗಿ ಸೋತಿತು. ಲಾರಿಯವನು ಇಳಿಸಿ ಹೋದ ಮೇಲೆ ವಾಪಸು ಕಳುಹಿಸುವುದು ಅಸಾಧ್ಯವೆಂದು ಗೊತ್ತಿದ್ದುದರಿಂದ ಅದನ್ನು ಅಂಗಳದ ಚಪ್ಪಡಿಯ ಕೆಳಗೆ ಹರಡಿದೆವು. ಅದರ ನಂತರ ಬಂದ ಲಾರಿಗಳು ಇಳಿಸುವ ಮುನ್ನ ಒಂದು ಹಿಡಿ ಮರಳನ್ನು ಅಂಗೈಯಲ್ಲಿ ಉಜ್ಜಿ ನೋಡುವ ಅಭ್ಯಾಸವಾಯಿತು. ಕೈಗೆ ಹಿಟ್ಟಿನಂತಹ ಬೂದು ಅಂಟಿಕೊಂಡರೆ ಅದು ಮರಳಲ್ಲ.

ಕಂಬಗಳ ಕಾಂಕ್ರೀಟು ಜನವರಿಯಲ್ಲಿ ಬಿತ್ತು. ಅದು ಕಾಫಿ ಕೊಯ್ಲಿನ ಕಾಲ; ತೋಟಗಳಲ್ಲಿ ಕೂಲಿ ಹೆಚ್ಚು ಸಿಗುವುದರಿಂದ ಗಾರೆ ಕೆಲಸದ ಹುಡುಗರಲ್ಲಿ ಅರ್ಧ ಮಂದಿ ಹಣ್ಣು ಕೊಯ್ಯಲು ಹೋಗಿರುತ್ತಾರೆ, ಉಳಿದವರು ಅವಸರದಲ್ಲಿರುತ್ತಾರೆ. ಕಂಬದ ಪೆಟ್ಟಿಗೆಯ ತುದಿಯಿಂದ ಮಾಲನ್ನು ನೇರವಾಗಿ ಸುರಿದರೆ ಜಲ್ಲಿ ಮೊದಲು ಕೆಳಗೆ ಬಿದ್ದು ಸಿಮೆಂಟಿನ ಪಾಕ ಹಿಂದೆ ಉಳಿಯುತ್ತದೆ, ಆದ್ದರಿಂದ ಒಂದೂವರೆ ಮೀಟರಿಗಿಂತ ಎತ್ತರದಿಂದ ಸುರಿಯಬಾರದು ಎಂಬ ನಿಯಮವಿದೆ. ನಾನು ಶಾಲೆಯಲ್ಲಿದ್ದ ಮಧ್ಯಾಹ್ನ ಆ ನಿಯಮ ಮುರಿದುಹೋಯಿತು. ಮಾರನೆಯ ದಿನ ಪೆಟ್ಟಿಗೆ ಬಿಚ್ಚಿದಾಗ ಅಡುಗೆಮನೆಯ ಮೂಲೆಯ ಕಂಬದ ಬುಡದಲ್ಲಿ ಜಲ್ಲಿಗಳು ಒಂದಕ್ಕೊಂದು ಅಂಟದೆ, ಪೊಳ್ಳು ಪೊಳ್ಳಾಗಿ ಕಾಣುತ್ತಿದ್ದವು. ಎಂಜಿನಿಯರುಗಳು ಇದನ್ನು ಹನಿಕೋಂಬ್ ಎನ್ನುತ್ತಾರೆ. ನಾನು ಸಂಜೆ ಬರುವಷ್ಟರಲ್ಲಿ ಮೇಸ್ತ್ರಿ ಅದರ ಮೇಲೆ ಸಿಮೆಂಟು ಪಾಕ ಎಳೆಯಲು ಸಿದ್ಧರಾಗಿದ್ದರು. ಮಾವನವರು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರಿಂದ ಎಳೆಯಲಾಗಿರಲಿಲ್ಲ.

ಪೊಳ್ಳು ಎಷ್ಟು ಆಳವಿದೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಮೇಲ್ಮೈಯ ಒರಟು ಮಾತ್ರವಾದರೆ ಗಟ್ಟಿ ಗಾರೆಯಿಂದ ತುಂಬಬಹುದು. ಕಂಬಿ ಕಾಣಿಸುವಷ್ಟು ಆಳವಿದ್ದರೆ ಸಡಿಲವಾದುದೆಲ್ಲವನ್ನೂ ಉಳಿಯಿಂದ ಕೆತ್ತಿ, ಗಟ್ಟಿ ಭಾಗ ಸಿಕ್ಕುವವರೆಗೆ ಹೋಗಿ, ತೊಳೆದು, ಮತ್ತೆ ಪೆಟ್ಟಿಗೆ ಕಟ್ಟಿ ಸಣ್ಣ ಜಲ್ಲಿಯ ಕಾಂಕ್ರೀಟಿನಿಂದಲೋ ಗ್ರೌಟ್ ಎಂಬ, ಆರಿದರೂ ಕುಗ್ಗದ ಸಿಮೆಂಟು ಪಾಕದಿಂದಲೋ ತುಂಬಬೇಕು. ನಮ್ಮ ಕಂಬದಲ್ಲಿ ಉದ್ದ ಕಂಬಿಗಳನ್ನು ಸುತ್ತುವರಿದ ಸ್ಟಿರಪ್ಪು ಕಾಣುತ್ತಿತ್ತು. ಎಂಜಿನಿಯರ್ ಕೆತ್ತಿಸಿ ಗ್ರೌಟ್ ಹಾಕಿಸಿದರು, ವೆಚ್ಚವನ್ನು ಕಾಂಟ್ರಾಕ್ಟರರ ಲೆಕ್ಕಕ್ಕೆ ಬರೆದರು. ಕಾಂಟ್ರಾಕ್ಟರರಿಗೆ ಸಿಟ್ಟು ಬಂದದ್ದು ಖರ್ಚಿಗಲ್ಲ, ಬೇರೆ ಮನೆಗಳವರು ಬಂದು ನೋಡಿಹೋಗುತ್ತಿದ್ದುದಕ್ಕೆ.

ತಾರಸಿಯನ್ನು ಮಾರ್ಚ್ ಕೊನೆಯ ಭಾಗಕ್ಕೆ ನಿಗದಿ ಮಾಡಿದೆವು. ಕಾಫಿ ಬೆಳೆಗಾರರು ಆ ದಿನಗಳಲ್ಲಿ ಗಿಡ ಹೂ ಬಿಡಲು ಬೇಕಾದ ಹೂಮಳೆಗಾಗಿ ಆಕಾಶ ನೋಡುತ್ತಿರುತ್ತಾರೆ. ಒಂದೇ ಮನೆಯಲ್ಲಿ ಮಾವನವರು ಮಳೆ ಬರಲೆಂದೂ ನಾನು ಬರಬಾರದೆಂದೂ ಬೇಡಿಕೊಳ್ಳುವ ಪರಿಸ್ಥಿತಿ ಉಂಟಾಯಿತು. ಹಿಂದಿನ ದಿನ ಎಂಜಿನಿಯರ್ ಕಂಬಿಯ ಜಾಲವನ್ನು ಪೂರ್ತಿ ನೋಡಿದರು. ಕಂಬಿ ಸೆಂಟ್ರಿಂಗಿನ ಹಲಗೆಗೆ ತಾಗದಂತೆ ಎತ್ತಿ ಹಿಡಿಯಲು ಕಾಂಕ್ರೀಟಿನ ಕವರ್ ಬ್ಲಾಕು ಕೊಟ್ಟಿದ್ದರೂ, ಅಲ್ಲಲ್ಲಿ ಜಲ್ಲಿ ಚೂರು ತುರುಕಿದ್ದರು. ಕಾಲಿಟ್ಟರೆ ಅದು ಸರಿದು ಕಂಬಿ ಕೆಳಗೆ ಕೂರುತ್ತದೆ, ಮುಂದೆ ತಾರಸಿಯ ಅಡಿಯಲ್ಲಿ ತುಕ್ಕಿನ ಗೆರೆ ಏಳುವುದು ಅಲ್ಲಿಂದಲೇ. ಮೇಲಿನ ಕಂಬಿ ತುಳಿತಕ್ಕೆ ಬಾಗದಂತೆ ಆಸರೆ ಕೊಡುವ ಚೇರ್‌ಗಳು ಸಾಲದೆಂದು ಇನ್ನಷ್ಟು ಕಟ್ಟಿಸಿದರು. ಸ್ಟಿರಪ್ಪಿನ ತುದಿಗಳು 135 ಡಿಗ್ರಿಗೆ ಒಳಕ್ಕೆ ಬಾಗಿರಬೇಕೆಂಬುದನ್ನು ಮೊದಲೇ ಹೇಳಿದ್ದರಿಂದ ಅದು ಸರಿಯಾಗಿತ್ತು. ಸಹಿ ಆಗುವಾಗ ಕತ್ತಲಾಗಿತ್ತು.

ಬೆಳಗ್ಗೆ ಮಿಕ್ಸರ್ ಶುರುವಾಗುವ ಮುನ್ನ ಮಾಡಿದ ಒಂದು ಸಣ್ಣ ಕೆಲಸವೇ, ನನ್ನ ದೃಷ್ಟಿಯಲ್ಲಿ, ಇಡೀ ಮನೆಯ ಗುಣವನ್ನು ನಿರ್ಧರಿಸಿದ್ದು. ಮರಳು ಎಂದೂ ಪೂರ್ತಿ ಒಣಗಿರುವುದಿಲ್ಲ. ವರದಿಯಲ್ಲಿ 24 ಲೀಟರ್ ನೀರು ಎಂದು ಬರೆದಿದ್ದರೆ, ಮರಳಿನ ಮೈಮೇಲೆ ಅಂಟಿಕೊಂಡು ಬರುವ ನೀರೂ ಆ ಲೆಕ್ಕದೊಳಗೇ ಸೇರಬೇಕು. ಒಂದು ಕೆ.ಜಿ. ಮರಳನ್ನು ತೂಗಿ, ಹಳೆಯ ಬಾಣಲೆಯಲ್ಲಿ ಒಲೆಯ ಮೇಲೆ ಹುರಿದು, ತಣಿದ ಮೇಲೆ ಮತ್ತೆ ತೂಗಿದೆವು. 45 ಗ್ರಾಂ ಕಡಿಮೆಯಾಗಿತ್ತು. ಒಂದು ಚೀಲ ಸಿಮೆಂಟಿಗೆ ಹೆಚ್ಚುಕಮ್ಮಿ ನೂರು ಕೆ.ಜಿ. ಮರಳು ಬೀಳುತ್ತದೆಯಾದ್ದರಿಂದ ಅದರೊಂದಿಗೆ ನಾಲ್ಕೂವರೆ ಲೀಟರ್ ನೀರು ತಾನಾಗಿಯೇ ಬರುತ್ತಿದೆ ಎಂದಾಯಿತು. ಮರಳಿನ ಕಣಗಳು ತಮ್ಮೊಳಗೆ ಹೀರಿಟ್ಟುಕೊಳ್ಳುವ ಪಾಲನ್ನು ಬಿಟ್ಟು ಎಂಜಿನಿಯರ್ 3 ಲೀಟರನ್ನು ಕಳೆದರು. ಮಿಕ್ಸರಿಗೆ 21 ಲೀಟರ್ ಮಾತ್ರ ಎಂದು ಬಕೆಟಿಗೆ ಗುರುತು ಹಾಕಿದರು. ಸಿಮೆಂಟು ಪೂರ್ತಿ ಗಟ್ಟಿಯಾಗಲು ಅದರ ತೂಕದ ಶೇ. 40ರಷ್ಟು ನೀರು ಸಾಕು. ಅದರ ಮೇಲೆ ಹಾಕುವುದೆಲ್ಲ ಮಾಲು ಸುಲಭವಾಗಿ ಹರಡಲಿ ಎಂಬುದಕ್ಕೆ. ಮುಂದೆ ಅದು ಆರಿಹೋಗುತ್ತದೆ, ಅದು ನಿಂತಿದ್ದ ಜಾಗ ಸೂಕ್ಷ್ಮ ರಂಧ್ರವಾಗಿ ಉಳಿಯುತ್ತದೆ. ಬಲ ಕುಗ್ಗುವುದೂ, ಮಳೆಗಾಲದಲ್ಲಿ ನೀರು ಒಳಹೋಗುವುದೂ ಆ ರಂಧ್ರಗಳಿಂದ. ಚೀಲಕ್ಕೆ ಐದು ಲೀಟರ್ ಹೆಚ್ಚಾದರೆ 0.48 ಇರಬೇಕಾದ ನೀರು–ಸಿಮೆಂಟಿನ ಅನುಪಾತ 0.58ಕ್ಕೆ ಏರುತ್ತದೆ, ಐದು ಲೀಟರ್ ಎಂದರೆ ಅರ್ಧ ಬಕೆಟೂ ಅಲ್ಲ.

ಕೆಲಸ ಶುರುವಾದ ಸ್ವಲ್ಪ ಹೊತ್ತಿಗೇ ತಕರಾರು ಎದ್ದಿತು. "ಟೀಚರೇ, ಇಷ್ಟು ಗಟ್ಟಿ ಮಾಲು ಎಳೆದ್ರೆ ಹುಡುಗರ ಕೈ ಬಿದ್ದೋಗ್ತದೆ. ಅರ್ಧ ಬಕೆಟ್ ಬಿಡಿ, ಚೆನ್ನಾಗಿ ಹರೀತದೆ" ಎಂದು ಮೇಸ್ತ್ರಿ ಹೇಳಿದರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ; ಗಟ್ಟಿಯಾದ ಮಾಲು ಕಂಬಿಗಳ ನಡುವೆ ಇಳಿಯದಿದ್ದರೆ ಅದೂ ಪೊಳ್ಳಿಗೆ ದಾರಿ. ಎಂಜಿನಿಯರ್ ತಂದಿದ್ದ ಸ್ಲಂಪ್ ಕೋನಿನಲ್ಲಿ, ಅಂದರೆ 300 ಮಿಲಿಮೀಟರ್ ಎತ್ತರದ ತಲೆಕೆಳಗಾದ ಲಾಳಿಕೆಯಂತಹ ತಗಡಿನಲ್ಲಿ, ಮಾಲನ್ನು ಮೂರು ಪದರವಾಗಿ ತುಂಬಿ, ಪ್ರತಿ ಪದರವನ್ನೂ ಸರಳಿನಿಂದ 25 ಸಲ ಕುಟ್ಟಿ, ಕೋನನ್ನು ಮೇಲೆತ್ತಿದಾಗ ಗುಡ್ಡೆ 60 ಮಿಲಿಮೀಟರ್ ಕುಸಿಯಿತು. ಕೈಯಿಂದ ಎಳೆದು ಹರಡುವ ತಾರಸಿಗೆ 75ರಿಂದ 100 ಇದ್ದರೆ ಅನುಕೂಲ. ನೀರಿನ ಬದಲು ಪ್ಲಾಸ್ಟಿಸೈಜರನ್ನು ವರದಿ ಒಪ್ಪಿದ ಮಿತಿಯೊಳಗೆ ಸ್ವಲ್ಪ ಏರಿಸಿದರು. ಮುಂದಿನ ಕೋನು 85 ಕುಸಿಯಿತು. ಹುಡುಗರ ಗೊಣಗಾಟ ನಿಂತಿತು. ಜಗಳದಿಂದ ಬಗೆಹರಿಯದ ಮಾತು ಈ ತಗಡಿನ ಕೋನಿನಿಂದ ಬಗೆಹರಿಯಿತೆಂಬುದನ್ನು ಮೇಸ್ತ್ರಿಯೂ ಒಪ್ಪಿಕೊಂಡರು.

ಮಧ್ಯಾಹ್ನದ ಊಟದ ನಂತರ ಮಳೆ ಬಂತು, ಮಾವನವರ ಹೂಮಳೆ. ಹಾಕಿ ಮುಗಿದಿದ್ದ ಭಾಗದ ಮೇಲೆ ಕಾಫಿ ಒಣಗಿಸುವ ಟಾರ್ಪಾಲುಗಳನ್ನು ಎಳೆದೆವು. ಹೊಸ ಕಾಂಕ್ರೀಟಿನ ಮೇಲೆ ಹನಿ ಬಿದ್ದರೆ ಮೇಲ್ಪದರದ ಸಿಮೆಂಟು ತೊಳೆದುಹೋಗಿ ಅಲ್ಲಿ ಮುಂದೆ ಬರೀ ಪುಡಿ ಏಳುತ್ತದೆ. ಆದರೆ ಮರಳಿನ ರಾಶಿಯ ಒಂದು ಬದಿ ತೆರೆದೇ ಇತ್ತು. ಮಳೆ ನಿಂತ ಮೇಲೆ ಮತ್ತೆ ಬಾಣಲೆ ಹಿಡಿಯುವಷ್ಟು ಸಮಯವಿರಲಿಲ್ಲ, ಏಕೆಂದರೆ ಹಾಕಿದ ಅಂಚು ಗಟ್ಟಿಯಾಗುವ ಮೊದಲೇ ಮುಂದುವರಿಯದಿದ್ದರೆ ಅಲ್ಲಿ ಸೀಳು ಉಳಿಯುತ್ತದೆ. ಎಂಜಿನಿಯರ್ ಸ್ಲಂಪನ್ನು, ಅಂದರೆ ಗುಡ್ಡೆ ಕುಸಿಯುವ ಅಳತೆಯನ್ನು, ನೋಡುತ್ತಾ ನೀರನ್ನು ಅಂದಾಜಿನ ಮೇಲೆ ಇಳಿಸುತ್ತಾ ಹೋದರು. ಅಂದಾಜು ಎಷ್ಟು ಸರಿಯಿತ್ತು ಎಂಬುದು ತಿಂಗಳ ನಂತರ ಗೊತ್ತಾಗಬೇಕಿತ್ತು.

ಗೊತ್ತಾಗಲು ಏರ್ಪಾಡು ಇತ್ತು. ಆರರಿಂದ ಹದಿನೈದು ಘನ ಮೀಟರಿನವರೆಗಿನ ಕಾಂಕ್ರೀಟಿಗೆ ಎರಡು ಮಾದರಿ ತೆಗೆಯಬೇಕೆಂದು ಸಂಹಿತೆ ಹೇಳುತ್ತದೆ. ನಮ್ಮ ತಾರಸಿ, ಬೀಮು ಸೇರಿ ಸುಮಾರು 13 ಘನ ಮೀಟರ್. ಒಂದು ಮಾದರಿಯನ್ನು ಬೆಳಗ್ಗೆ, ಇನ್ನೊಂದನ್ನು ಮಳೆಯ ನಂತರ ತೆಗೆದು ಕಬ್ಬಿಣದ ಅಚ್ಚುಗಳಲ್ಲಿ ಘನಗಳನ್ನು ಎರಕ ಹೊಯ್ದೆವು. ಅವನ್ನು ಮಾಡುವಾಗ ಕಾಂಟ್ರಾಕ್ಟರರ ಕಡೆಯವರು ಬೇರೆ ಬಾಂಡ್ಲಿಯಲ್ಲಿ ಹೆಚ್ಚು ಸಿಮೆಂಟು ಕಲಸಿ ತುಂಬುವ ಚಾಲಾಕಿತನ ಎಲ್ಲೆಡೆ ನಡೆಯುತ್ತದೆಂದು ಕೇಳಿದ್ದರಿಂದ, ಮಿಕ್ಸರಿನಿಂದ ಬಿದ್ದ ಮಾಲನ್ನೇ ನನ್ನ ಕಣ್ಣೆದುರು ತುಂಬಿಸಿ, ಗಟ್ಟಿಯಾದ ಮೇಲೆ ಪ್ರತಿಯೊಂದರ ಮೇಲೂ ದಿನಾಂಕ ಬರೆದು, ಮನೆಯ ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟೆ.

ನೀರು ಹೆಚ್ಚಾದರೆ ಕೆಡುಕು ಎಂದು ಬೆಳಗ್ಗೆ ವಾದಿಸಿದ ನಾನೇ ಮಾರನೆಯ ದಿನದಿಂದ ನೀರು ಸಾಲದು ಎಂದು ವಾದಿಸಬೇಕಾಯಿತು. ಗಟ್ಟಿಯಾಗತೊಡಗಿದ ಮೇಲೆ ಒಳಗಿನ ನೀರು ಆರಿಹೋಗದಂತೆ ಹೊರಗಿನಿಂದ ಕಾಪಾಡುವುದೇ ಕ್ಯೂರಿಂಗ್. ನಾವು ಬಳಸಿದ್ದು ಪಿಪಿಸಿ ಸಿಮೆಂಟು. ಹಾರುಬೂದಿ ಬೆರೆತ ಇಂತಹ ಸಿಮೆಂಟಿನ ಬಲ ನಿಧಾನವಾಗಿ ಏರುವುದರಿಂದ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ಒದ್ದೆಯಿರಬೇಕು. ಕೊಡಗಿನಲ್ಲಿ ಮಳೆಯೇ ಕ್ಯೂರಿಂಗ್ ಮಾಡುತ್ತದೆ ಎಂಬ ನಂಬಿಕೆ ಇದೆ. ಒಂದು ಹೂಮಳೆ ಸುರಿದು ಹೋದ ಮರುದಿನ ಬಿಸಿಲೂ ಗಾಳಿಯೂ ತಾರಸಿಯನ್ನು ಮಧ್ಯಾಹ್ನದೊಳಗೆ ಬೆಳ್ಳಗಾಗಿಸುತ್ತವೆ. ತಾರಸಿಯ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ಚೌಕ ಚೌಕವಾಗಿ ನೀರು ನಿಲ್ಲಿಸಿದೆವು. ಕಂಬಗಳಿಗೆ ಹಳೆಯ ಗೋಣಿಚೀಲ ಸುತ್ತಿ ತೋಯಿಸುತ್ತಿದ್ದುದನ್ನು ಮಾವನವರು ತಮ್ಮ ದಿನಚರಿಗೆ ಸೇರಿಸಿಕೊಂಡಿದ್ದರು.

ವಾರ ಕಳೆಯುತ್ತಿದ್ದಂತೆ ಕಾಂಟ್ರಾಕ್ಟರರು ತಾರಸಿಗೆ ಆಸರೆಯಾಗಿ ನಿಲ್ಲಿಸಿದ್ದ ಜಾಕುಗಳನ್ನು ಕೇಳಿದರು. ಕುಶಾಲನಗರದ ಇನ್ನೊಂದು ಕೆಲಸಕ್ಕೆ ಬೇಕಿತ್ತು. ನಾಲ್ಕೂವರೆ ಮೀಟರಿನೊಳಗಿನ ಹರವಿನ ತಾರಸಿಗೆ 7 ದಿನ, ಅದಕ್ಕಿಂತ ಹೆಚ್ಚಿನದಕ್ಕೆ 14 ದಿನ, ಆರು ಮೀಟರಿನೊಳಗಿನ ಬೀಮಿಗೆ 14 ದಿನ ಆಸರೆ ಇರಬೇಕೆಂಬುದು ಸಂಹಿತೆಯ ಲೆಕ್ಕ, ಅದೂ ಹವೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗದಿದ್ದರೆ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ಬಳಸಿದ್ದರೆ. ಪಿಪಿಸಿಗೆ ಇನ್ನೂ ಕೆಲವು ದಿನ ಕೂಡಿಸಬೇಕು. ನಮ್ಮ ಮನೆಯ ಹಾಲ್ ಐದು ಮೀಟರಿನದು. ಸಣ್ಣ ಕೋಣೆಗಳ ಕೆಳಗಿನ ಜಾಕುಗಳನ್ನು ಹತ್ತು ದಿನಗಳಾದ ಮೇಲೆ ಬಿಟ್ಟುಕೊಟ್ಟು, ಹಾಲಿನದನ್ನೂ ಬೀಮಿನದನ್ನೂ ಮೂರು ವಾರ ಇಟ್ಟುಕೊಂಡೆವು. ಹೆಚ್ಚುವರಿ ದಿನಗಳ ಬಾಡಿಗೆಯನ್ನು ನಾವೇ ಕೊಟ್ಟೆವು.

28 ದಿನಗಳ ಫಲಿತಾಂಶ ಬಂತು. ಬೆಳಗಿನ ಮೂರು ಘನಗಳ ಸರಾಸರಿ 33.1 ನ್ಯೂಟನ್, ಮಧ್ಯಾಹ್ನದ ಮೂರರದು 27.4. ಎಂ25 ಬೇಕೆಂದರೆ ಪ್ರಯೋಗಾಲಯ 31.6ನ್ನು ಗುರಿಯಾಗಿಟ್ಟು ಮಿಶ್ರಣ ಮಾಡಿಕೊಡುತ್ತದೆ, ಕೆಲಸದ ಜಾಗದ ಏರುಪೇರಿಗೆ ಅಷ್ಟು ಅವಕಾಶ ಬಿಟ್ಟಿರುತ್ತದೆ. ಆ ಅವಕಾಶದ ಹೆಚ್ಚಿನ ಪಾಲನ್ನು ಹೂಮಳೆ ತಿಂದಿತ್ತು. ಎರಡೂ ಮಾದರಿಗಳು ತೇರ್ಗಡೆಯಾದವು; ಅದೇ ಸಿಮೆಂಟು, ಅದೇ ಜಲ್ಲಿ, ಅದೇ ಕೈಗಳು, ವ್ಯತ್ಯಾಸವಾದದ್ದು ಒದ್ದೆ ಮರಳಿನ ನೀರಿನಿಂದ ಮಾತ್ರ. ಯಾರೂ ಅಳೆಯದ ಮನೆಗಳಲ್ಲಿ, ಮೇಲೆ ಮತ್ತೆ ಅರ್ಧ ಬಕೆಟ್ ಸುರಿಯುವ ಕಡೆಗಳಲ್ಲಿ, ಈ ಅಂಕಿ ಎಲ್ಲಿ ನಿಲ್ಲುತ್ತದೋ.

ಈ ಸುದ್ದಿ ಬಂಧುಗಳಲ್ಲಿ ಹರಡಿ, ಸೋಮವಾರಪೇಟೆ ಕಡೆಯಲ್ಲಿರುವ ನಾದಿನಿ, "ಅತ್ತಿಗೆ, ನಮ್ಮ ಮನೆಯ ತಾರಸಿಯನ್ನೂ ಒಮ್ಮೆ ನೋಡಿ ಹೇಳಿ" ಎಂದು ಕರೆದಳು. ಅದು ಆಗಲೇ ಗಾರೆ, ಬಣ್ಣ ಎಲ್ಲ ಮುಗಿದ ಮನೆ. ಅಲ್ಲಿ ನಾನು ಹೇಳಬಹುದಾದದ್ದು ಬಹಳ ಕಡಿಮೆಯಿತ್ತು. ರಿಬೌಂಡ್ ಹ್ಯಾಮರ್ ಎಂಬ ಸಾಧನವನ್ನು ಒತ್ತಿ ಬಲ ತಿಳಿಯಬಹುದೆನ್ನುತ್ತಾರೆ. ಅದು ಅಳೆಯುವುದು ಮೇಲ್ಮೈಯ ಗಡಸುತನವನ್ನು, ಅದರಿಂದ ಊಹಿಸುವ ಬಲದಲ್ಲಿ ಶೇ. 25ರಷ್ಟು ಆಚೀಚೆ ಇರಬಹುದೆಂದು ಭಾರತೀಯ ಮಾನಕವೇ ಹೇಳಿದೆ. ಶಬ್ದತರಂಗವನ್ನು ಕಾಂಕ್ರೀಟಿನ ಮೂಲಕ ಹಾಯಿಸುವ ಪರೀಕ್ಷೆ ಒಳಗಿನ ಪೊಳ್ಳುಗಳನ್ನು ಪತ್ತೆಹಚ್ಚುವುದರಲ್ಲಿ ಉತ್ತಮ. ತರಂಗದ ವೇಗ ತೀರಾ ಕಡಿಮೆಯಾದರೆ ಸಂಶಯ ಪಡಬೇಕು. ನಿಜವಾದ ಉತ್ತರ ಬೇಕಾದರೆ ಯಂತ್ರದಿಂದ ಕಾಂಕ್ರೀಟಿನ ತುಂಡುಗಳನ್ನು ಕೊರೆದು ತೆಗೆದು ಒತ್ತಿ ನೋಡಬೇಕು. ಅವುಗಳ ಸರಾಸರಿ ಬಲ ನಿಗದಿಯ ದರ್ಜೆಯ ಶೇ. 85, ಯಾವ ಒಂದು ತುಂಡೂ ಶೇ. 75ಕ್ಕಿಂತ ಕಡಿಮೆಯಿಲ್ಲದಿದ್ದರೆ ಒಪ್ಪುತ್ತಾರೆ. ವಾಸವಿರುವ ಮನೆಯ ತಾರಸಿಗೆ ತೂತು ಕೊರೆಸಲು ನಾದಿನಿಯ ಮನಸ್ಸು ಒಪ್ಪಲಿಲ್ಲ, ಬಿರುಕೋ ಬಾಗೋ ಕಾಣದಿರುವಾಗ ಒಪ್ಪಬೇಕಾದ ಅಗತ್ಯವೂ ಇರಲಿಲ್ಲ. ತಾರಸಿಯ ಮೇಲೆ ಶೀಟು ಹೊದಿಸಿ, ನೀರು ನಿಲ್ಲದಂತೆ ನೋಡಿಕೊಳ್ಳಲು ಹೇಳಿ ಬಂದೆ.

ನಮ್ಮ ಮನೆಯ ಎಲ್ಲ ಪರೀಕ್ಷೆಗಳಿಗೆ, ಮಿಕ್ಸ್ ಡಿಸೈನ್, ಘನಗಳು, ಹೆಚ್ಚುವರಿ ದಿನಗಳ ಜಾಕಿನ ಬಾಡಿಗೆ ಸೇರಿಸಿದರೂ, ಒಂದು ಟನ್ ಕಂಬಿಯ ಬೆಲೆಯಷ್ಟು ಆಗಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲೇ ಶೀಟು ಮೇಲೇರಿತ್ತು, ಬಚ್ಚಲುಮನೆಯ ತಗ್ಗಿನ ಕಾಂಕ್ರೀಟಿನಲ್ಲಿ ಎರಡು ಹಗಲು ನೀರು ನಿಲ್ಲಿಸಿ ಕೆಳಗೆ ಒಸರಿಲ್ಲವೆಂದು ನೋಡಿಕೊಂಡಿದ್ದೆವು. ಮಳೆಗಾಲದಲ್ಲಿ ತಾರಸಿಯಲ್ಲಿ ಏನೂ ಕಾಣಿಸಲಿಲ್ಲ. ಪಡುವಣ ಗೋಡೆಯ ಕಿಟಕಿಯ ಸಜ್ಜೆಯ ಕೆಳಗೆ ಮಾತ್ರ ಒದ್ದೆಯ ಕಲೆ ಮೂಡಿತು. ಸಜ್ಜೆಯ ಅಂಚಿನ ಅಡಿಯಲ್ಲಿ ನೀರು ತೊಟ್ಟಿಕ್ಕಲು ಬೇಕಾದ ಗ್ರೂವನ್ನು ಗಾರೆಯವರು ಬಿಟ್ಟುಬಿಟ್ಟಿದ್ದರಿಂದ ಹನಿ ಗೋಡೆಯವರೆಗೆ ಹರಿದುಬರುತ್ತಿತ್ತು. ಮಳೆ ಹಿಂದೆಗೆದ ಮೇಲೆ ಅಕ್ಟೋಬರಿನಲ್ಲಿ ಮೇಸ್ತ್ರಿ ಬಂದು ಆ ಗ್ರೂವನ್ನು ಕೊರೆದು ಕೊಟ್ಟರು, ಹಿಡಿದಿಟ್ಟಿದ್ದ ಐದು ಪಾಲನ್ನು ಅದೇ ವಾರ ಕಾಂಟ್ರಾಕ್ಟರರಿಗೆ ಪೂರ್ತಿಯಾಗಿ ಸಂದಾಯ ಮಾಡಿದೆವು.